ತುತ್ತವ್ವನ ಬಾಯಿ

ಥೂಪೆಟ್ಟಿಗೆಯ ಮುಳ್ಳು ಅರವತ್ತೆರಡಕ್ಕೆ ಏರಿ ನಿಂತಿತು. ಕುರ್ಚಿಯಲ್ಲಿ ಕೂತಿದ್ದ ಹೊಸ ಬರಹಗಾರ್ತಿಯ ತಲೆಯ ಮೇಲಿನ ಜಾಲರಿ ಟೋಪಿ ಗುಂಯ್‌ಗುಟ್ಟಿತು. ಎದುರಿನ ಗಾಜಿನ ತೊಟ್ಟಿಯೊಳಗೆ ಬೆಳಕು ಮೊದಲು ಒಡೆದ ಹಾಲಿನಂತೆ ತರಿತರಿಯಾಯಿತು, ಆಮೇಲೆ ಗಟ್ಟಿಯಾಗಿ ಒಬ್ಬ ಗಂಡಸಿನ ಆಕಾರ ತಾಳಿತು. ಬನಿಯನ್ ತೊಟ್ಟ ನಡುವಯಸ್ಸಿನ ಆ ಮನುಷ್ಯ ಉಂಡ ತಟ್ಟೆಯಲ್ಲೇ ಕೈ ತೊಳೆದ, ಆ ನೀರಿಗೇ ಕ್ಯಾಕರಿಸಿ ಉಗಿದ, ತಟ್ಟೆಯನ್ನು ಯಾರದೋ ಕಡೆ ನೂಕಿದ. ಮತ್ತೆ ತೊಳೆದ, ಮತ್ತೆ ಉಗಿದ, ಮತ್ತೆ ನೂಕಿದ.

"ನಮ್ಮಪ್ಪ," ಎಂದಳು ಹುಡುಗಿ. ಅವಳ ಮುಖ ಸಣ್ಣದಾಗಿತ್ತು.

"ಗೊತ್ತಿತ್ತಮ್ಮ," ಎಂದ ಅಲ್ಲಿನ ಹಳೆಯ ಬರಹಗಾರ ಹಾಲೇಶ. "ಮೊದಲನೇ ಸಲ ಕೂತವರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಅಪ್ಪ ಇಲ್ಲಾ ಅವ್ವನೇ ಬರೋದು. ಅಳಬ್ಯಾಡ. ಇವಂಗೆ ಇನ್ನೊಂದು ನಾಕು ಕೈ ಹಚ್ಚಿದ್ರೆ ಒಳ್ಳೇ ರಾಕ್ಷಸ ಆಗ್ತಾನೆ."

ಪೆಟ್ಟಿಗೆಯೊಳಗಿನ ದನಿ ಎಂದಿನಂತೆ ಹೇಳಿತು: "ಇಂಥ ಚಿತ್ರ ನೋಂದಣಿಯಲ್ಲಿ ಇಲ್ಲ. ಹೊಸದೆಂದು ಬರೆದುಕೊಳ್ಳಲಾಗಿದೆ."

ಇದು ಇಂದಿಗೆ ನಲವತ್ತು ವರ್ಷಗಳ ಮುಂದಿನ ದಾವಣಗೆರೆ. ಒಂದು ಕಾಲಕ್ಕೆ ಹತ್ತಿ ನೂಲುತ್ತಿದ್ದ ಹಳೆಯ ಮಿಲ್ಲಿನ ಗೋದಾಮಿನಲ್ಲಿ ಈಗ ವಿಡಿಯೊ ಗೇಮುಗಳನ್ನು ನೂಲುವ ಕಂಪನಿಯಿತ್ತು. ಹತ್ತಿಯ ಧೂಳು ಹೋಗಿ ಹೇಸಿಗೆ ಬಂದಿತ್ತು, ಅಷ್ಟೇ ವ್ಯತ್ಯಾಸ. ಯಂತ್ರದ ನಿಜವಾದ ಹೆಸರು 'ಜಿಗುಪ್ಸಾದರ್ಶಕ'. ಅಷ್ಟುದ್ದದ ಹೆಸರನ್ನು ನಾಲಗೆ ಹೊರಳಿಸಿ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅದು ಥೂಪೆಟ್ಟಿಗೆಯಾಗಿತ್ತು.

ಅದನ್ನು ಕಂಡುಹಿಡಿದವರು ಡಾಕ್ಟರ್ ಮೆಹರುನ್ನಿಸಾ. ನಮ್ಮ ಮಿದುಳಿನ ಮಡಿಕೆಗಳ ಒಳಗೆ, ಹೊರಗಿನಿಂದ ಕಾಣದ ಒಂದು ಭಾಗವಿದೆ. ಕೊಳೆತದ್ದನ್ನು ಮೂಸಿದಾಗ, ಅನ್ನದಲ್ಲಿ ಕೂದಲು ಸಿಕ್ಕಾಗ ಮಿಡಿಯುವ ಭಾಗಗಳಲ್ಲಿ ಅದು ಮುಖ್ಯವಾದದ್ದು. ಡಾಕ್ಟರು ಅದಕ್ಕೆ ಕನ್ನಡದಲ್ಲಿ 'ದ್ವೀಪಖಂಡ' ಎಂದು ಹೆಸರಿಟ್ಟಿದ್ದರು. ಟೋಪಿಯ ಜಾಲರಿ ಆ ಮಿಡಿತವನ್ನು ಹಿಡಿದು, ಅದಕ್ಕೆ ಅಂಟಿಕೊಂಡ ನೆನಪನ್ನು ಹುಡುಕಿ, ನೆನಪನ್ನು ಚಿತ್ರವಾಗಿಸಿ ತೊಟ್ಟಿಗೆ ಇಳಿಸುತ್ತಿತ್ತು. ಊಟ ಕಂಡರೆ ಓಕರಿಸುವ ರೋಗಿಗಳಿಗೆ ಯಾವುದು ಅಸಹ್ಯವಾಗುತ್ತಿದೆ ಎಂದು ತಿಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದ ಅವರು ಅದನ್ನು ಕಟ್ಟಿದ್ದರು. ಆಸ್ಪತ್ರೆಗಳು ಮೂಗು ಮುರಿದವು. ಗೇಮು ಕಂಪನಿಯ ಮಾಲೀಕರು ಎರಡೂ ಕೈಯಲ್ಲಿ ಬಾಚಿಕೊಂಡರು.

ಮಾಲೀಕರ ಲೆಕ್ಕಾಚಾರ ಸರಳವಾಗಿತ್ತು. ಭಯ ಬೇಗ ಸವೆಯುತ್ತದೆ. ಆಟಗಾರನ ಕೈಗೆ ಒಂದು ಕೋವಿ ಕೊಟ್ಟರೆ ಎಂಥ ದೆವ್ವವೂ ಹೆದರಿಸುವುದಿಲ್ಲ. ಹೇಸಿಗೆ ಹಾಗಲ್ಲ, ಕೊಂದ ಮೇಲೂ ಕೈಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಕಥೆ ಬರೆಯುವವರೆಲ್ಲ ಪೆಟ್ಟಿಗೆಯ ಕೆಳಗೆ ಕೂತು ತಮ್ಮ ತಮ್ಮ ಹೇಸಿಗೆಯನ್ನು ಕಕ್ಕಬೇಕು, ಒಮ್ಮೆ ಬಂದ ಚಿತ್ರ ಇನ್ನೊಮ್ಮೆ ಬರಕೂಡದು, ಬಂದರೆ ಪೆಟ್ಟಿಗೆಯೇ ತಿರಸ್ಕರಿಸಬೇಕು ಎಂಬ ನಿಯಮ ಮಾಡಿದ್ದರು. ಹುಲಿ, ಕರಡಿ, ಬ್ರಹ್ಮರಾಕ್ಷಸ ಬರುತ್ತವೆಂದು ಕಾದವರಿಗೆ ಬಂದದ್ದು ಅಪ್ಪ ಅಮ್ಮಂದಿರು. ಉಗುರು ಕಚ್ಚಿ ಉಗಿಯುವ ಅಪ್ಪ. ತನ್ನ ಉಗುಳಿನಿಂದ ಮಗುವಿನ ಕೆನ್ನೆ ಒರೆಸುವ ಅಮ್ಮ. ದೇಶದ ಮಕ್ಕಳೆಲ್ಲ ಈಗ ಅವರವರ ಮನೆಯಲ್ಲಿ ಕೂತು ಬೇರೆಯವರ ಹೆತ್ತವರನ್ನು ಕೊಲ್ಲುತ್ತಿದ್ದರು. ನೆನೆದರೆ ಉಗಿಯಬೇಕೆನಿಸುವ ಕಸುಬು. ಹಾಲೇಶ ಅದರಲ್ಲಿ ಎತ್ತಿದ ಕೈ.

ಅವನು ಹುಟ್ಟಿಸಿದ ರಾಕ್ಷಸಿ ತುತ್ತವ್ವ ಯಾರಿಗೆ ಗೊತ್ತಿಲ್ಲ? ಗೋದಾಮಿನಷ್ಟು ಎತ್ತರದ ಹೆಂಗಸು. ಬಿಳಿ ಹರಳಿನ ಮೂಗುಬಟ್ಟು, ಮೊಣಕೈವರೆಗೂ ಹಸಿರು ಬಳೆ, ಗಲ್ಲದ ಮೇಲೆ ಕರಿ ಮಚ್ಚೆ. ಸದಾ ಏನನ್ನೋ ಅಗಿಯುತ್ತಾಳೆ. ಆಟಗಾರ ಅಲ್ಲಿ ಐದು ವರ್ಷದ ಮಗು, ಓಡಲಾರ, ಅಂಬೆಗಾಲಿಡಬಲ್ಲ. "ಬಾ ಕಂದಾ, ಒಂದೇ ತುತ್ತು" ಎನ್ನುತ್ತಾ ಬರುತ್ತಾಳೆ, ಕೆನ್ನೆ ಹಿಂಡಿ ಬಾಯಿ ತೆರೆಸುತ್ತಾಳೆ, ತನ್ನ ಬಾಯಿಂದ ತೆಗೆದ ಬಿಸಿ ಮುದ್ದೆಯನ್ನು ತುರುಕುತ್ತಾಳೆ. ಆಟಗಾರರು ನಾಲಗೆಗೆ ಅಂಟಿಸಿಕೊಳ್ಳುವ ತೆಳುವಾದ 'ರುಚಿಪಟ್ಟಿ'ಯಿಂದಾಗಿ ಆ ಬಿಸಿ, ಆ ಲೋಳೆ, ಎಲ್ಲವೂ ಬಾಯಿಗೇ ಬರುತ್ತಿತ್ತು. ಗೆಲ್ಲಲು ಇದ್ದದ್ದು ಒಂದೇ ದಾರಿ: ಗೋಣಿಚೀಲ ಹೊಲಿಯುವ ದಬ್ಬಳದಿಂದ ಅವಳ ತುಟಿಗಳನ್ನು ಹೊಲಿದುಬಿಡುವುದು. ಒಂಬತ್ತು ಹೊಲಿಗೆ. ಒಂಬತ್ತನೆಯದಕ್ಕೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಆಟ ಮುಗಿಯುತ್ತಿತ್ತು.

ಅವಳು ತೊಟ್ಟಿಗೆ ಇಳಿದ ದಿನ ಮುಳ್ಳು ತೊಂಬತ್ತೊಂದು ಮುಟ್ಟಿತ್ತು. ಅಲ್ಲಿಯವರೆಗೆ ಯಾರದ್ದೂ ಎಂಬತ್ತು ದಾಟಿರಲಿಲ್ಲ. ಮಾಲೀಕರು ಇಡೀ ಗೋದಾಮಿಗೆ ಪೇಡೆ ಹಂಚಿದ್ದರು. ಹೇಸಿಗೆಗೂ ಪೇಡೆ ಹಂಚುವ ಕಾಲ!

ತುತ್ತವ್ವ ಎಂದರೆ ಹಾಲೇಶನ ಹೆತ್ತ ತಾಯಿ ಕೊಟ್ರಮ್ಮ. ಅವನೇನೂ ಇದನ್ನು ಗುಟ್ಟು ಮಾಡಿರಲಿಲ್ಲ, ಗೋದಾಮಿನಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೇ. ಅವನಿಗೆ ಐದು ವರ್ಷವಿದ್ದಾಗ ಯುಗಾದಿಗೆ ಗೋಡೆ ಬಳಿಯಲು ಕೊಟ್ರಮ್ಮ ಬೆಣ್ಣೆಯ ಬಟ್ಟಲಲ್ಲಿ ಸುಣ್ಣ ನೆನೆಹಾಕಿಟ್ಟಿದ್ದಳು. ಹುಡುಗ ಬೆಣ್ಣೆಯೆಂದು ಒಂದು ಹಿಡಿ ಬಾಯಿಗಿಟ್ಟ. ಬಾಯಿ, ಗಂಟಲು ಸುಟ್ಟುಹೋಯಿತು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಕೇಳಿದಾಗೆಲ್ಲ ಇವತ್ತಿಗೂ ಅವನ ನಾಲಗೆ ಚುರುಗುಟ್ಟುತ್ತದೆ. ಎರಡು ತಿಂಗಳು ಗಂಜಿ ಕುಡಿದ. ಆಮೇಲೆ ರೊಟ್ಟಿಯೇ ಬೇಕೆಂದು ಹಟ ಹಿಡಿದ, ಗಂಜಿಯ ಬಟ್ಟಲನ್ನು ಎತ್ತಿ ಎಸೆದ, ಕಡ್ಡಿಯಂತಾದ. ರೊಟ್ಟಿಯನ್ನು ಮಿಕ್ಸಿಯಲ್ಲಿ ತಿರುವಿದರೆ ಅಂಟಾಗಿ ಗಂಟಲಿಗೆ ಮೆತ್ತಿಕೊಳ್ಳುತ್ತಿತ್ತು. ಆಗ ಕೊಟ್ರಮ್ಮ ಜೋಳದ ರೊಟ್ಟಿಯನ್ನು ತಾನೇ ಅಗಿದು, ಮೆತ್ತಗೆ ಮಾಡಿ, ತೆಗೆದು ಅವನ ಬಾಯಿಗಿಟ್ಟಳು. ಹನ್ನೊಂದು ತಿಂಗಳು, ದಿನಕ್ಕೆ ಮೂರು ಹೊತ್ತು.

ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ತಾನು ಬದುಕಿದ್ದು ಆ ತುತ್ತಿನಿಂದ ಎಂದೂ ಗೊತ್ತಿತ್ತು. ಆದರೆ ಗೊತ್ತಿರುವುದರಿಂದ ಓಕರಿಕೆ ನಿಲ್ಲುವುದಿಲ್ಲ. ಅವಳ ಬೆಚ್ಚಗಿನ ಎಂಜಲು, ತುಟಿಯಿಂದ ಬೆರಳಿಗೆ ಎಳೆದುಕೊಂಡು ಬರುತ್ತಿದ್ದ ದಾರದಂಥ ಜೊಲ್ಲು, ಅಗಿದ ಜೋಳದ ಹುಳಿ ವಾಸನೆ, ಇವನ್ನು ನೆನೆದರೆ ನಲವತ್ತಾರರ ಈ ವಯಸ್ಸಿನಲ್ಲೂ ಅವನ ಹೊಟ್ಟೆ ತೊಳಸುತ್ತಿತ್ತು. ಅವಳಿಗೆ ಹೇಗೆ ಮನಸ್ಸು ಬರುತ್ತಿತ್ತೋ ಎಂದು ಯೋಚಿಸಿದ್ದುಂಟು. ಹೆತ್ತವರಿಗೆ ಹೆಗ್ಗಣ ಮುದ್ದು, ತಾಯಂದಿರಿಗೆ ಹೇಸಿಗೆ ಅನ್ನುವುದೇ ಇರುವುದಿಲ್ಲ ಎಂದು ತಾನೇ ಉತ್ತರ ಹೇಳಿಕೊಂಡು ಸುಮ್ಮನಾಗುತ್ತಿದ್ದ.

ಕಳೆದ ವರ್ಷ ಕೊಟ್ರಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ನಡುಮನೆಯ ಮಂಚದಲ್ಲಿ ಮಲಗಿದಳು. ತುಟಿಯ ಬಲ ಮೂಲೆಯಿಂದ ಜೊಲ್ಲು ಸುರಿಯುತ್ತಿತ್ತು. ಹಾಲೇಶನ ಹೆಂಡತಿ ಶಿವಲೀಲಾ ಮೂರು ಹೊತ್ತೂ ಮೆತ್ತಗಿನ ಅನ್ನ ಕಲಸಿ ಬಾಯಿಗಿಡುತ್ತಿದ್ದಳು, ಒರೆಸುತ್ತಿದ್ದಳು. ಹಾಲೇಶ ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗುತ್ತಿದ್ದ. ಒಂದು ವರ್ಷದಲ್ಲಿ ಒಂದು ತುತ್ತೂ ಅವನು ಅವ್ವನಿಗೆ ತಿನ್ನಿಸಿರಲಿಲ್ಲ. ದಾವಣಗೆರೆಯಲ್ಲಿ ಅಷ್ಟು ಸ್ನಾನ ಮಾಡಿದ ಗಂಡಸು ಇನ್ನೊಬ್ಬನಿರಲಿಕ್ಕಿಲ್ಲ.

ತುತ್ತವ್ವನ ಆಟ ಒಂದು ಕೋಟಿ ಮನೆ ಸೇರಿದ ದಿನ ಕಂಪನಿ ಅವನಿಗೆ ಒಂದು ನೆನಪಿನ ಕಾಣಿಕೆ ಕೊಟ್ಟಿತು. ಮೊಳದುದ್ದದ ತುತ್ತವ್ವನ ಗೊಂಬೆ, ಬೆಳಕಿನಿಂದಲೇ ಮಾಡಿದ್ದು. ಎದುರು ಯಾರಾದರೂ ಅಲ್ಲಾಡಿದರೆ ಸಾಕು, ಅದು ಅಗಿಯುತ್ತಿತ್ತು, ಬಾಯಿಂದ ತುತ್ತು ತೆಗೆದು ಮುಂದೆ ಚಾಚುತ್ತಿತ್ತು, ಆಮೇಲೆ ಗಾಳಿಯಲ್ಲೊಂದು ದಬ್ಬಳ ಬಂದು ಅದರ ತುಟಿ ಹೊಲಿಯುತ್ತಿತ್ತು. ಹಾಲೇಶ ಅದನ್ನು ನಡುಮನೆಯ ಶೋಕೇಸಿನಲ್ಲಿ, ಅವ್ವನ ಮಂಚಕ್ಕೆ ನೇರ ಎದುರಿಗೆ ಇಟ್ಟ. ಬಂದವರ ಕಣ್ಣಿಗೆ ಬೀಳುವ ಜಾಗ ಅದೊಂದೇ. ಅವ್ವನಿಗೆ ಈಗ ಏನು ತಿಳಿಯುತ್ತದೆ ಎಂದು ಅವನ ಎಣಿಕೆ.

ಮೂರನೆಯ ದಿನ ಬೆಳಿಗ್ಗೆ ಕೊಟ್ರಮ್ಮ ಬಾಯಿ ತೆರೆಯಲಿಲ್ಲ.

ಶಿವಲೀಲಾ ಪುಸಲಾಯಿಸಿದಳು, ಬೇಡಿದಳು, ಚಮಚ ಒತ್ತಿದಳು. ಎರಡು ತುಟಿಗಳೂ ಬೀಗ ಹಾಕಿದಂತೆ ಮುಚ್ಚಿಕೊಂಡವು. ನೀರನ್ನು ಮಾತ್ರ ಬತ್ತಿಯಿಂದ ಹನಿಸಿದರೆ ಗುಟುಕರಿಸುತ್ತಿದ್ದಳು. ಓಣಿಯ ಡಾಕ್ಟರೊಬ್ಬರು ಬಂದರು, ಗಂಟಲು ಸರಿಯಿದೆ, ನುಂಗಬಲ್ಲರು, ಬೇಡವೆನ್ನುತ್ತಿದ್ದಾರೆ, ಮೂಗಿಗೆ ಹಾಕಿದ ನಳಿಕೆಯನ್ನೂ ಕಿತ್ತೆಸೆದರಲ್ಲ, ಹೀಗೇ ಆದರೆ ಹತ್ತು ದಿನವೂ ಕಷ್ಟ ಎಂದು ಹೇಳಿ ಹೋದರು.

"ಆ ದರಿದ್ರ ಗೊಂಬಿ ಬಂದಾಗಿಂದ ಹಿಂಗಾಗೈತಿ ನೋಡ್ರಿ," ಎಂದಳು ಶಿವಲೀಲಾ. "ಅತ್ತಿ ಅದನ್ನ ದಿಟ್ಟಿಸಿ ನೋಡ್ತಿದ್ರು. ಎರಡು ದಿನ ನೋಡ್ಯಾರ. ಮೂರನೇ ದಿನ ಬಾಯಿ ಮುಚ್ಯಾರ."

"ಅವ್ವಗೆ ಅದೆಲ್ಲಿ ಗೊತ್ತಾಗ್ತೈತಿ, ಸುಮ್ನಿರು."

"ಮೂಗುಬಟ್ಟು ಅವರದು, ಮಚ್ಚಿ ಅವರದು, ಬಳಿ ಅವರದು. ತನ್ನ ಮಾರಿ ತನಗ ಗೊತ್ತಾಗಂಗಿಲ್ಲೇನ್ರಿ? ನಂಗೆ ಅಸಹ್ಯ ಆಗಿದ್ದು ಆ ಜೊಲ್ಲಲ್ಲ. ನಿಮ್ಮ ಕೆಲಸ."

ಹಾಲೇಶ ಎದ್ದು ಶೋಕೇಸಿನ ಬಾಗಿಲು ತೆಗೆದ. ಗೊಂಬೆಯನ್ನು ಆರಿಸಿ ಅದರ ಪೀಠವನ್ನು ಬೀರುವಿನೊಳಗೆ ಎಸೆದ. ತಡವಾಗಿತ್ತು. ಆ ಮಧ್ಯಾಹ್ನವೂ, ಮರುದಿನವೂ ಅವ್ವನ ಬಾಯಿ ತೆರೆಯಲಿಲ್ಲ. ಅವನನ್ನು ಕಂಡರೆ ತುಟಿಗಳನ್ನು ಇನ್ನೂ ಬಿಗಿಯಾಗಿ ಒಳಕ್ಕೆಳೆದುಕೊಳ್ಳುತ್ತಿದ್ದಳು. ಐದನೆಯ ದಿನ ಅವನು ಗೋದಾಮಿಗೆ ಓಡಿ ಡಾಕ್ಟರ್ ಮೆಹರುನ್ನಿಸಾ ಅವರ ಮುಂದೆ ನಿಂತ.

ಡಾಕ್ಟರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತುತ್ತವ್ವ ನಿಮ್ಮ ತಾಯಿ ಅಂತ ನೀವು ಯಾವತ್ತೂ ಹೇಳಲಿಲ್ಲ, ಹಾಲೇಶ್."

"ನೀವೂ ಕೇಳಲಿಲ್ಲ, ಮೇಡಂ."

"ಕೇಳಲಿಲ್ಲ. ಅದು ನನ್ನ ತಪ್ಪು." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಒಂದು ಮಾತು ಹೇಳ್ತೀನಿ ಕೇಳ್ರಿ. ರೊಟ್ಟಿಯಲ್ಲಿರೋದು ಪಿಷ್ಟ. ನೀರಲ್ಲಿ ಅರೆದ್ರೆ ಅಂಟಾಗ್ತದೆ. ನಮ್ಮ ಜೊಲ್ಲಲ್ಲಿ ಒಂದು ಕಿಣ್ವ ಐತಿ, ಅದು ಪಿಷ್ಟನ್ನ ಒಡೆದು ತೆಳ್ಳಗೆ ಮಾಡ್ತದೆ. ಅದಕ್ಕೇ ಮಿಕ್ಸಿ ಕೈಲಿ ಆಗದ್ದು ಅವರ ಬಾಯಿ ಕೈಲಿ ಆಯ್ತು. ನೀವು ಆಟದಲ್ಲಿ ಹೊಲಿದಿರಲ್ಲ ಆ ಬಾಯಿ, ಅದು ನಿಮ್ಮ ಔಷಧಿ ತಯಾರಾದ ಜಾಗ."

"ಗೊತ್ತು ಮೇಡಂ. ಗೊತ್ತಿದ್ರೂ ಹೊಟ್ಟಿ ತೊಳಸ್ತೈತಿ. ಏನ್ ಮಾಡ್ಲಿ?"

"ಅದನ್ನ ನಾನು ಸರಿಮಾಡಕ್ಕಾಗಲ್ಲ. ಅವರಿಗೆ ಯಾವುದು ಅಸಹ್ಯ ಆಗ್ತಿದೆ ಅಂತ ನೋಡಬಹುದು. ನಾನು ಪೆಟ್ಟಿಗೆ ಮಾಡಿದ್ದು ಅದಕ್ಕೇ ಅಲ್ವಾ?"

ಅವರು ಮನೆಗಳಿಗೆ ಹೊತ್ತೊಯ್ಯಬಹುದಾದ ಸಣ್ಣ ಥೂಪೆಟ್ಟಿಗೆಯೊಂದನ್ನು ಹೆಗಲಿಗೇರಿಸಿದರು. ತೊಟ್ಟಿಯಲ್ಲಿ ಯಾರು ಬರುತ್ತಾರೆಂದು ಹಾಲೇಶನಿಗೆ ಖಚಿತವಾಗಿತ್ತು. ಒಂದು ವರ್ಷದಿಂದ ಊಟದ ಹೊತ್ತಿಗೆ ಬಚ್ಚಲಿಗೆ ಓಡುವ ಮಗ, ಅವ್ವನ ಮುಖವನ್ನು ಕೋಟಿ ಮನೆಗೆ ಹಂಚಿದ ಮಗ, ಇನ್ನು ಯಾರು ಬರಬೇಕು? ಬರಲಿ, ಅದು ತನಗೆ ತಕ್ಕದ್ದೇ ಎಂದುಕೊಂಡ. ನಾಲ್ಕು ಕೈ ಹಚ್ಚಿದ ತನ್ನದೇ ಆಕಾರವನ್ನು ಮನಸ್ಸಿನಲ್ಲಿ ನೋಡಿಯೂ ಬಿಟ್ಟ.

ಡಾಕ್ಟರು ಕೊಟ್ರಮ್ಮನ ಕೈ ಹಿಡಿದು, ಯಂತ್ರ ಏನು ಮಾಡುತ್ತದೆಂದು ನಿಧಾನವಾಗಿ ತಿಳಿಸಿ, ಇಡಲೇ ಎಂದು ಕೇಳಿದರು. ಕೊಟ್ರಮ್ಮ ಎಡಗೈಯ ಬೆರಳನ್ನು ಎತ್ತಿ ಇಳಿಸಿದಳು. ನೆರೆತ ಕೂದಲ ಮೇಲೆ ಜಾಲರಿ ಟೋಪಿ ಕೂತಿತು. ಬಟ್ಟಲಿನಷ್ಟೇ ಇದ್ದ ಗಾಜಿನ ತೊಟ್ಟಿಯಲ್ಲಿ ಬೆಳಕು ತರಿತರಿಯಾಯಿತು. ಮುಳ್ಳು ಎಂಬತ್ತು ದಾಟಿತು, ತೊಂಬತ್ತೊಂದು ದಾಟಿತು, ತೊಂಬತ್ತೇಳಕ್ಕೆ ಹೋಗಿ ನಡುಗುತ್ತಾ ನಿಂತಿತು.

ತೊಟ್ಟಿಯಲ್ಲಿ ಹಾಲೇಶ ಇದ್ದ. ಆದರೆ ಅವನೆಣಿಸಿದ ಹಾಲೇಶನಲ್ಲ. ಐದು ವರ್ಷದ, ಕಡ್ಡಿಯಂಥ, ತುಟಿ ಸುಟ್ಟು ಸಿಪ್ಪೆಯೆದ್ದ ಹುಡುಗ ಮುಖ ಮೇಲೆತ್ತಿ ಹಕ್ಕಿಮರಿಯಂತೆ ಬಾಯಿ ತೆರೆದಿದ್ದ. ಹಸಿರು ಬಳೆಯ ಒಂದು ಕೈ ಅತ್ತ ಚಾಚಿತ್ತು. ಬೆರಳ ತುದಿಯಲ್ಲಿ ಅಗಿದ ರೊಟ್ಟಿಯ ಮುದ್ದೆ, ಅದರಿಂದ ಇಳಿಯುತ್ತಿದ್ದ ಜೊಲ್ಲಿನ ಎಳೆ. ಮುದ್ದೆಯನ್ನು ಬಾಯಿಗಿಟ್ಟೊಡನೆ ಕೈ ಹಿಂದಕ್ಕೆ ಬಂದು, ಸೆರಗಿಗೆ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಮತ್ತೆ ಮತ್ತೆ ಒರೆಸಿಕೊಂಡಿತು. ಬಿಕ್ಕಿದಂಥ ಒಂದು ಸದ್ದು ಕೇಳಿಸಿತು. ಓಕರಿಕೆಯನ್ನು ತಡೆದು ನುಂಗಿದ ಸದ್ದು. ಆಮೇಲೆ ಆ ಕೈ ಇನ್ನೊಂದು ಚೂರು ರೊಟ್ಟಿ ಮುರಿಯಿತು.

ಪೆಟ್ಟಿಗೆ ಎಂದಿನ ದನಿಯಲ್ಲಿ ಹೇಳಿತು: "ಈ ಚಿತ್ರ ಈಗಾಗಲೇ ಹಾಲೇಶ ಅವರ ಹೆಸರಿನಲ್ಲಿ ನೋಂದಣಿಯಾಗಿದೆ. ಎರಡನೇ ಬಾರಿ ಸ್ವೀಕರಿಸುವುದಿಲ್ಲ."

ಡಾಕ್ಟರು ಮುಳ್ಳನ್ನೇ ನೋಡುತ್ತಿದ್ದರು. "ಅದೇ ತುತ್ತು," ಎಂದರು ಕೊನೆಗೆ. "ನೀವು ಕೆಳಗಿಂದ ನೋಡಿದ್ರಿ, ಅವರು ಮೇಲಿಂದ ನೋಡಿದ್ರು. ನಿಮಗೆ ತೊಂಬತ್ತೊಂದು. ಅವರಿಗೆ ತೊಂಬತ್ತೇಳು."

ಆಗ ಹಾಲೇಶನಿಗೆ ನೆನಪಾಯಿತು. ಅವ್ವ ಜನ್ಮದಲ್ಲಿ ಲೋಟಕ್ಕೆ ತುಟಿ ತಾಗಿಸಿದವಳಲ್ಲ, ನೀರನ್ನು ಎತ್ತಿ ಹೊಯ್ದುಕೊಂಡೇ ಕುಡಿಯುತ್ತಿದ್ದಳು. ಅಪ್ಪ ಕಚ್ಚಿದ ಮಾವಿನ ಹೋಳನ್ನು ಕೂಡ ಮುಟ್ಟುತ್ತಿರಲಿಲ್ಲ. ನೆಂಟರ ಮಕ್ಕಳು ಎಂಜಲು ಕೈಯಲ್ಲಿ ಅನ್ನದ ಪಾತ್ರೆ ಮುಟ್ಟಿದರೆ ಆ ಹೊತ್ತು ಉಪವಾಸ ಇದ್ದುಬಿಡುತ್ತಿದ್ದಳು. ಎಂಜಲಿನ ಮಟ್ಟಿಗೆ ಕೊಟ್ರಮ್ಮ ಮಹಾ ಕಟ್ಟುನಿಟ್ಟು ಎಂದು ಕೇರಿಯೆಲ್ಲ ನಗುತ್ತಿತ್ತು. ಇವನೂ ನಕ್ಕಿದ್ದ. ಹನ್ನೊಂದು ತಿಂಗಳ ಆ ತುತ್ತನ್ನೂ ಈ ಹೆಂಗಸನ್ನೂ ಅವನು ಒಮ್ಮೆಯೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ತಾಯಂದಿರಿಗೆ ಹೇಸಿಗೆಯಿಲ್ಲವಂತೆ! ಅವನಿಗೆ ತನ್ನ ಬಗ್ಗೆಯೇ ವಾಕರಿಕೆ ಬಂತು, ಅದಕ್ಕೆ ಮುಳ್ಳು ಬೇಕಾಗಿರಲಿಲ್ಲ.

"ಅದಕ್ಕೇ ಬಾಯಿ ಮುಚ್ಯಾರ್ರಿ," ಎಂದಳು ಶಿವಲೀಲಾ. "ಅವರಿಗೆ ಗೊತ್ತೈತಿ ಅದು ಎಷ್ಟು ಅಸಹ್ಯ ಆಗ್ತೈತಿ ಅಂತ. ನಮಗ್ಯಾಕ ಆ ಕಷ್ಟ ಅಂತ ಮುಚ್ಯಾರ."

ಕೊಟ್ರಮ್ಮನ ಎಡಗಣ್ಣಿನಿಂದ ನೀರಿಳಿಯಿತು. ತುಟಿ ಅಲುಗಲಿಲ್ಲ.

"ಇದನ್ನ ಮಾಲೀಕರು ನೋಡಿದ್ರೆ ಬಿಡಲ್ಲ," ಎಂದರು ಡಾಕ್ಟರು ಟೋಪಿ ತೆಗೆಯುತ್ತಾ. "ತೊಂಬತ್ತೇಳು ಅಂದ್ರೆ ಎರಡನೇ ಭಾಗಕ್ಕೆ ಕುಣೀತಾರೆ. ಪುಣ್ಯಕ್ಕೆ ಅವರ ನಿಯಮನೇ ಅಡ್ಡ ಬಂತು. ಪೆಟ್ಟಿಗೆ ಚಿತ್ರ ಒಪ್ಪಿಕೊಳ್ಳಲಿಲ್ಲ, ಎಲ್ಲೂ ಉಳಿಯಲ್ಲ."

ಹಾಲೇಶ ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ ಬೆಳಗಿನ ರೊಟ್ಟಿಯೊಂದನ್ನು ತಟ್ಟೆಯಲ್ಲಿ ತಂದ. ಮಂಚದ ಅಂಚಿನಲ್ಲಿ ಕೂತ. ಒಂದು ವರ್ಷದಲ್ಲಿ ಅವನು ಅಲ್ಲಿ ಕೂತದ್ದು ಅದೇ ಮೊದಲು. ಜೊಲ್ಲಿನಿಂದ ಒದ್ದೆಯಾದ ದಿಂಬಿನ ವಾಸನೆ ಮೂಗಿಗೆ ಬಡಿಯಿತು. ರೊಟ್ಟಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಅವ್ವ ನೋಡುತ್ತಿರುವಂತೆಯೇ, ಅಗಿಯತೊಡಗಿದ. ಅಗಿದಷ್ಟೂ ಅದು ಸಿಹಿಯಾಯಿತು, ಸಡಿಲವಾಯಿತು. ಬೆರಳಿಗೆ ತೆಗೆದುಕೊಂಡ. ತುಟಿಯಿಂದ ಬೆರಳಿಗೆ ಒಂದು ಎಳೆ ಬಂತು. ನಲವತ್ತೊಂದು ವರ್ಷದಿಂದ ಓಡಿಹೋಗುತ್ತಿದ್ದ ಅದೇ ಎಳೆ.

ಕೊಟ್ರಮ್ಮ ಬೇಡವೆಂದು ತಲೆ ಹೊರಳಿಸಿದಳು.

"ಅವ್ವಾ, ಈ ಕಡಿ ನೋಡು," ಎಂದ. "ಹೇಸಿಗಿ ಇಲ್ಲ ಅಂತ ಸುಳ್ಳು ಹೇಳಂಗಿಲ್ಲ. ಭಾಳ ಹೇಸಿಗಿ ಆಗಾಕತ್ತೈತಿ. ವಾಂತಿ ಬರಂಗಾಗೈತಿ. ನಿಂಗೂ ಆಗಿತ್ತಲ್ಲ? ಹನ್ನೊಂದು ತಿಂಗಳು ಆಗಿತ್ತಲ್ಲ? ಮಡಿ ಮುದುಕಿ, ನಂಗೊಂದಿನಾರ ಹೇಳಿದ್ಯೇನು ನೀನು?"

ಅವಳು ಮುಖ ತಿರುಗಿಸಿ ಅವನನ್ನು ನೋಡಿದಳು. ಓಕರಿಕೆ ತಡೆದು ತಡೆದು ಕೆಂಪಾದ ಅವನ ಕಣ್ಣು, ಕಿವುಚಿದ ಮೂಗು, ಬೆರಳ ತುದಿಯ ಮುದ್ದೆ. ಅಂಥದೇ ಮುಖವನ್ನು ಆ ಹನ್ನೊಂದು ತಿಂಗಳು ಅವಳು ಕನ್ನಡಿಯಲ್ಲಿ ಕಂಡಿದ್ದಿರಬೇಕು. ಸರಿಯಿದ್ದ ಅರ್ಧ ಮುಖದಲ್ಲಿ ಮೊದಲು ಕೆನ್ನೆ ಅದುರಿತು, ಆಮೇಲೆ ಎದೆ ಕುಲುಕಿತು. ಅವಳು ನಗುತ್ತಿದ್ದಾಳೆಂದು ಶಿವಲೀಲಾಗೆ ಮೊದಲು ಗೊತ್ತಾಯಿತು. ನಗು ತಡೆಯಲಾರದೆ ತುಟಿ ಬಿರಿಯಿತು. ಹಾಲೇಶ ತುತ್ತನ್ನು ಇಟ್ಟುಬಿಟ್ಟ.

ಅವಳು ಅದನ್ನು ನಿಧಾನವಾಗಿ ನುಂಗುವವರೆಗೂ ಅವನು ಉಸಿರು ಹಿಡಿದು ಕೂತಿದ್ದ. ಆಮೇಲೆ ಎದ್ದು ಹಿತ್ತಲಿಗೆ ಓಡಿದ. ಚರಂಡಿಯ ಬಳಿ ಬಗ್ಗಿ, ಬೆಳಗಿನ ಚಹಾ ಸಮೇತ ಎಲ್ಲವನ್ನೂ ಕಕ್ಕಿದ. ಬಾಯಿ ಮುಕ್ಕಳಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತು ಇನ್ನೊಂದು ಚೂರು ರೊಟ್ಟಿ ಮುರಿದ.

ಕೊಟ್ರಮ್ಮ ಆಗಲೇ ಬಾಯಿ ತೆರೆದಿದ್ದಳು.